ವಿಜಯಪುರದಿಂದ ರೋಮ್‌ವರೆಗೆ: ಮನೆಮಂದಿಯೊಂದಿಗೆ ಯುರೋಪನ್ನು ರೈಲಿನಲ್ಲಿ ಸುತ್ತಲು ಸಮಗ್ರ ಮಾರ್ಗದರ್ಶಿ

ಯುರೋಪಿನ ನಕಾಶೆ ಹರವಿಕೊಂಡು ಕೂತರೆ ಊರುಗಳ ಪಟ್ಟಿ ತಾನಾಗಿ ಬೆಳೆಯುತ್ತದೆ. ಪ್ಯಾರಿಸ್ ಬಿಡಲಾಗದು, ಸ್ವಿಟ್ಜರ್ಲೆಂಡ್ ಬಿಡಲಾಗದು, ವೆನಿಸ್ ಪಕ್ಕದಲ್ಲೇ ಇದೆ, ಆಮ್‌ಸ್ಟರ್‌ಡ್ಯಾಮ್‌ಗೂ ರೈಲು ಇದೆಯಂತೆ. ಹೀಗೆ ಎರಡು ವಾರಕ್ಕೆ ಎಂಟು ಊರು ಕೂಡಿಸಿ, ಬಾಗಲಕೋಟೆ, ಬೆಳಗಾವಿ ಕಡೆಯ ಎಷ್ಟೋ ಕುಟುಂಬಗಳು ಪ್ರವಾಸದ ಅರ್ಧ ಹೊತ್ತನ್ನು ಬ್ಯಾಗ್ ಎಳೆಯುವುದರಲ್ಲೇ ಕಳೆದು ಬರುತ್ತವೆ. ರೈಲು ಎಷ್ಟೇ ವೇಗದ್ದಿರಲಿ, ಊರು ಬದಲಿಸಿದ ದಿನ ಅರ್ಧ ದಿನ ಹೋಯಿತೆಂದೇ ಲೆಕ್ಕ. ರೂಮು ಖಾಲಿ ಮಾಡಬೇಕು, ಸ್ಟೇಷನ್ನಿಗೆ ಹೋಗಬೇಕು, ಹೊಸ ಊರಲ್ಲಿ ಹೋಟೆಲ್ ಹುಡುಕಬೇಕು, ಮಧ್ಯಾಹ್ನ ಮೂರರವರೆಗೆ ಕೋಣೆ ಸಿಗದೆ ಕಾಯಬೇಕು. ಅದಕ್ಕೇ ನಾನು ಯಾರು ಕೇಳಿದರೂ ಮೊದಲು ಹೇಳುವುದು: ಊರು ಎಣಿಸಬೇಡಿ, ರಾತ್ರಿ ಎಣಿಸಿ.

ಮಾತು ಗಾಳಿಯಲ್ಲಿ ಉಳಿಯದಿರಲಿ ಎಂದು ಒಂದು ಕುಟುಂಬವನ್ನು ಇಟ್ಟುಕೊಳ್ಳೋಣ. ಗಂಡ, ಹೆಂಡತಿ, 13 ವರ್ಷದ ಮಗಳು, 8 ವರ್ಷದ ಮಗ, ಜೊತೆಗೆ ಮೊಣಕಾಲು ನೋವಿನ ಅಜ್ಜಿ. ಊರು ವಿಜಯಪುರ. ಕೈಯಲ್ಲಿರುವುದು 13 ರಾತ್ರಿ.

ಮೊದಲ ಹೆಜ್ಜೆ: ರಾತ್ರಿಗಳ ಹಂಚಿಕೆ

ಇವರಿಗೆ ನಾನು ಹಾಕಿಕೊಡುವ ಹಂಚಿಕೆ ಇದು: ಪ್ಯಾರಿಸ್ 4, ಸ್ವಿಟ್ಜರ್ಲೆಂಡಿನ ಲೂಸರ್ನ್ 4, ಇಟಲಿಯ ಫ್ಲಾರೆನ್ಸ್ 2, ರೋಮ್ 3. ಊರು ಬದಲಿಸುವುದು ಮೂರೇ ಸಲ. ಉಳಿದ ಜಾಗಗಳನ್ನೆಲ್ಲ ಮುಂಜಾನೆ ಹೋಗಿ ಸಂಜೆ ಮರಳುವ ಸುತ್ತಾಟಕ್ಕೆ ಬಿಡಿ. ಲೂಸರ್ನ್‌ನಿಂದ ಎಂಗೆಲ್‌ಬರ್ಗ್ ಎಂಬ ಬೆಟ್ಟದ ಊರಿಗೆ ರೈಲಿನಲ್ಲಿ ಮುಕ್ಕಾಲು ಗಂಟೆ, ಫ್ಲಾರೆನ್ಸ್‌ನಿಂದ ಪೀಸಾಕ್ಕೆ ಸಾಮಾನ್ಯ ರೈಲಿನಲ್ಲಿ ಒಂದು ಗಂಟೆ, ವೆನಿಸ್‌ಗೆ ವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ಬ್ಯಾಗು ಹೋಟೆಲಿನಲ್ಲೇ ಇರುತ್ತದೆ, ಕೈಯಲ್ಲಿ ನೀರಿನ ಬಾಟಲಿ, ಒಂದು ಸ್ವೆಟರ್ ಇದ್ದರೆ ಸಾಕು. ಫ್ಲಾರೆನ್ಸ್‌ಗೆ ಎರಡೇ ರಾತ್ರಿ ಇರುವುದರಿಂದ ಪೀಸಾ, ವೆನಿಸ್ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಿ. ವೆನಿಸ್‌ನಲ್ಲಿ ಸೇತುವೆಗಳ ಮೆಟ್ಟಿಲು ಹತ್ತಿ ಇಳಿಯುವುದೇ ಕೆಲಸ, ಅಜ್ಜಿಯ ಮೊಣಕಾಲಿಗೆ ಪೀಸಾ ವಾಸಿ.

ದಿನಗಳನ್ನು ಕೂಡಿಸುವಾಗ ವಾರವನ್ನೂ ನೋಡಿ. ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯ ಮಂಗಳವಾರ ಮುಚ್ಚಿರುತ್ತದೆ, ಫ್ಲಾರೆನ್ಸ್‌ನ ಉಫಿಜಿ ಚಿತ್ರಶಾಲೆ ಸೋಮವಾರ. ವ್ಯಾಟಿಕನ್ ವಸ್ತುಸಂಗ್ರಹಾಲಯಕ್ಕೆ ತಿಂಗಳ ಕೊನೆಯದನ್ನು ಬಿಟ್ಟರೆ ಉಳಿದ ಭಾನುವಾರಗಳು ರಜೆ. ನಮ್ಮ ಬೇಸಿಗೆ ರಜೆಯಲ್ಲಿ ಏಪ್ರಿಲ್ ಕೊನೆಯಿಂದ ಮೇ ನಡುವಿನವರೆಗಿನ ಹೊತ್ತು ಒಳ್ಳೆಯದು. ಹಗಲು ಉದ್ದ, ಜೂನ್-ಜುಲೈಯ ಜಾತ್ರೆ ಇನ್ನೂ ಸೇರಿರುವುದಿಲ್ಲ. ಆದರೆ ಮೇ 1 ಅಲ್ಲಿ ದೊಡ್ಡ ರಜೆ. ಆ ದಿನ ಪ್ಯಾರಿಸ್ಸಿನಲ್ಲಿ ಮುಚ್ಚಿದ ಬಾಗಿಲು ನೋಡುತ್ತ ನಿಲ್ಲುವಂತೆ ಆಗಬಾರದು.

ಹೋಗುವುದು ಒಂದೂರಿಗೆ, ಬರುವುದು ಇನ್ನೊಂದೂರಿಂದ

ವಿಮಾನದ ಟಿಕೆಟನ್ನು ಪ್ಯಾರಿಸ್ಸಿಗೆ ಹೋಗಿ ರೋಮಿನಿಂದ ಮರಳುವಂತೆ ಮಾಡಿಸಿ. ಬುಕಿಂಗ್ ಮಾಡುವಾಗ 'ಮಲ್ಟಿ ಸಿಟಿ' ಎಂಬ ಆಯ್ಕೆ ಇರುತ್ತದೆ. ಹೋದ ಊರಿಗೇ ಮರಳಿ ಬಂದು ವಿಮಾನ ಹತ್ತುವುದೆಂದರೆ ಒಂದು ದಿನ, ಐದು ಜನರ ರೈಲು ಖರ್ಚು ಎರಡೂ ಪೋಲು. ಬೇರೆ ಬೇರೆ ಒಂಟಿ ಟಿಕೆಟ್ ಕೊಳ್ಳುವುದಕ್ಕಿಂತ ಒಂದೇ ಬುಕಿಂಗ್‌ನಲ್ಲಿ ಇದು ಸಾಮಾನ್ಯವಾಗಿ ಅಗ್ಗ.

ವಿಜಯಪುರದವರಿಗೆ ಮುಂಬೈ ಅನುಕೂಲ. ಸೊಲ್ಲಾಪುರ ತಲುಪಿದರೆ ಅಲ್ಲಿಂದ ವಂದೇ ಭಾರತ್ ಇದೆ. ಬೆಳಗಾವಿಯವರಿಗೆ ಮುಂಬೈ, ಬೆಂಗಳೂರು ಹೆಚ್ಚುಕಡಿಮೆ ಒಂದೇ ದೂರ, ಯಾವ ಕಡೆಯಿಂದ ದರ ಕಡಿಮೆಯೋ ಆ ಕಡೆ ಹೋಗಿ. ಎರಡು ಕಡೆಯವರಿಗೂ ಒಂದು ಮಾತು: ವಿಮಾನದ ಹಿಂದಿನ ದಿನವೇ ಆ ಊರು ಸೇರಿಕೊಳ್ಳಿ.

ಪಾಸ್‌ಪೋರ್ಟ್ ಮತ್ತು ಹೆಸರಿನ ಗೊಂದಲ

ಪಾಸ್‌ಪೋರ್ಟಿಗಾಗಿ ಬೆಂಗಳೂರಿಗೆ ಓಡುವ ಕಾಲ ಹೋಯಿತು. ಹುಬ್ಬಳ್ಳಿಯಲ್ಲಿ ಸೇವಾ ಕೇಂದ್ರವಿದೆ, ಬೆಳಗಾವಿ ಮತ್ತು ವಿಜಯಪುರದಲ್ಲಿ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಿವೆ. ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದೇ ವರ್ಷ ಎಂಬುದನ್ನು ಮರೆಯುವವರು ಬಹಳ. ಎಲ್ಲರದ್ದನ್ನೂ ಈಗಲೇ ತೆಗೆದು ನೋಡಿ: ಯುರೋಪಿನಿಂದ ಹೊರಡುವ ದಿನದ ನಂತರ ಕನಿಷ್ಠ ಮೂರು ತಿಂಗಳು ಅವಧಿ ಉಳಿದಿರಬೇಕು, ಎರಡು ಖಾಲಿ ಪುಟ ಇರಬೇಕು, ಕೊಟ್ಟು ಹತ್ತು ವರ್ಷ ದಾಟಿರಬಾರದು.

ನಮ್ಮ ಕಡೆ ನಿಜವಾದ ತೊಡಕು ಹೆಸರಿನದು. ಅಜ್ಜಿಯ ಆಧಾರದಲ್ಲಿ ಒಂದು, ಪಿಂಚಣಿ ಪುಸ್ತಕದಲ್ಲಿ ಇನ್ನೊಂದು. ಒಬ್ಬರಿಗೆ ಅಡ್ಡಹೆಸರಿದೆ, ಇನ್ನೊಬ್ಬರ ಪಾಸ್‌ಪೋರ್ಟಿನಲ್ಲಿ ಆ ಜಾಗವೇ ಖಾಲಿ. ವಿಮಾನ, ರೈಲು, ವಿಮೆ, ಹೋಟೆಲ್ ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಅಕ್ಷರ ಬಿಡದೆ ಹಾಕಿ. ಅಡ್ಡಹೆಸರು ಖಾಲಿ ಇದ್ದರೆ ಆ ಅಂಕಣದಲ್ಲಿ ಏನು ತುಂಬಬೇಕೆಂದು ದುಡ್ಡು ಕಟ್ಟುವ ಮೊದಲೇ ವಿಮಾನ ಕಂಪನಿಯನ್ನು ಕೇಳಿ. ಹುಟ್ಟಿದ ಊರಿನದೂ ಅಷ್ಟೇ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಆದರೆ ಹಳೆಯ ಪಾಸ್‌ಪೋರ್ಟಿನಲ್ಲಿ ಬಿಜಾಪುರ ಎಂದಿದ್ದರೆ ವೀಸಾ ಅರ್ಜಿಯಲ್ಲೂ ಅದನ್ನೇ ಬರೆಯಿರಿ.

ವೀಸಾ: ಇಲ್ಲಿ ಅವಸರವೂ ಬೇಡ, ತಡವೂ ಬೇಡ

ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ ಮೂರಕ್ಕೂ ಒಂದೇ ಷೆಂಗೆನ್ ವೀಸಾ ಸಾಕು. ಯಾವ ದೇಶಕ್ಕೆ ಅರ್ಜಿ ಹಾಕಬೇಕು ಎಂಬುದನ್ನು ನಿಮ್ಮ ರಾತ್ರಿಗಳೇ ತೀರ್ಮಾನಿಸುತ್ತವೆ. ಹೆಚ್ಚು ದಿನ ಎಲ್ಲಿ ಉಳಿಯುತ್ತೀರೋ ಆ ದೇಶಕ್ಕೆ. ನಮ್ಮ ಕುಟುಂಬ ಇಟಲಿಯಲ್ಲಿ ಐದು ರಾತ್ರಿ, ಉಳಿದೆರಡು ಕಡೆ ನಾಲ್ಕು ನಾಲ್ಕು, ಹಾಗಾಗಿ ಇಟಲಿಗೆ. ಎಲ್ಲ ಕಡೆ ಸಮಸಮ ಇದ್ದಿದ್ದರೆ ಮೊದಲು ಕಾಲಿಡುವ ದೇಶಕ್ಕೆ, ಅಂದರೆ ಫ್ರಾನ್ಸಿಗೆ ಹಾಕಬೇಕಿತ್ತು. 'ಆ ದೇಶದ ವೀಸಾ ಬೇಗ ಸಿಗತೈತಿ' ಎಂದು ಯಾರೋ ಹೇಳಿದ್ದನ್ನು ಕೇಳಿ ಸುಳ್ಳು ಹೋಟೆಲ್ ಬುಕಿಂಗ್ ತೋರಿಸುವ ಕೆಲಸಕ್ಕೆ ಹೋಗಬೇಡಿ.

ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ, ಹದಿನೈದು ದಿನಕ್ಕಿಂತ ಕಡಿಮೆ ಇದ್ದರೆ ಇಲ್ಲ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಎಳೆಯುತ್ತದೆ. ಬೇಸಿಗೆ ರಜೆಯ ಪ್ರವಾಸಕ್ಕೆ ಜನವರಿಯಲ್ಲೇ ಅಪಾಯಿಂಟ್‌ಮೆಂಟ್ ಹುಡುಕಲು ಶುರುಮಾಡಿ. 2024ರ ಜೂನ್‌ನಲ್ಲಿ ಪರಿಷ್ಕರಿಸಿದ ಶುಲ್ಕದ ಪ್ರಕಾರ 12 ದಾಟಿದವರಿಗೆ 90 ಯೂರೋ, 6ರಿಂದ 12ರೊಳಗಿನವರಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ನಮ್ಮ ಐವರಿಗೆ 405 ಯೂರೋ ಆಯಿತು, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಬೆರಳಚ್ಚು ಕೊಡಲು ಎಲ್ಲರೂ ಖುದ್ದಾಗಿ ಹೋಗಬೇಕು, 12ರೊಳಗಿನ ಮಕ್ಕಳಿಗೆ ಬೆರಳಚ್ಚಿನ ವಿನಾಯಿತಿ ಇದೆ. ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಕ್ಕರೆ ಬೆಳಗಾವಿಯವರು ರಾಣಿ ಚೆನ್ನಮ್ಮ ಹತ್ತಬಹುದು, ವಿಜಯಪುರದವರು ಗೋಳಗುಮ್ಮಟ ಎಕ್ಸ್‌ಪ್ರೆಸ್. ಮುಂಜಾನೆಯ ಮೊದಲ ವೇಳೆ ತೆಗೆದುಕೊಳ್ಳಬೇಡಿ, ಮಧ್ಯಾಹ್ನದ್ದು ಇರಲಿ. ರೈಲು ತಡವಾದರೆ ಆ ಎರಡು ತಾಸು ನಿಮ್ಮನ್ನು ಕಾಪಾಡುತ್ತದೆ.

ಕಾಗದಪತ್ರದ ಪಟ್ಟಿ ಎಲ್ಲರಿಗೂ ಸಿಗುತ್ತದೆ: ಆದಾಯ ತೆರಿಗೆ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ಕೆಲಸದ ಕಡೆಯಿಂದ ರಜೆಯ ಪತ್ರ, ಮಕ್ಕಳ ಶಾಲೆಯ ಪತ್ರ, ಜನನ ಪ್ರಮಾಣಪತ್ರ, ತಲಾ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ. ಒಕ್ಕಲುತನದ ಮನೆಯವರಿಗೆ ಮಾತ್ರ ಬೇರೆ ತಯಾರಿ ಬೇಕು. ಕಬ್ಬಿನ ದುಡ್ಡು ತಿಂಗಳ ಪಗಾರದಂತೆ ಬರುವುದಿಲ್ಲ, ಕಾರ್ಖಾನೆಯಿಂದ ಒಮ್ಮೆಲೇ ಗಂಟಾಗಿ ಬರುತ್ತದೆ. ಖಾತೆಯಲ್ಲಿ ಹಠಾತ್ತನೆ ದೊಡ್ಡ ಮೊತ್ತ ಕಂಡರೆ ಅಧಿಕಾರಿಗೆ ಅನುಮಾನ ಬರುವುದು ಸಹಜ. ಕಾರ್ಖಾನೆಯ ಬಿಲ್ಲು, ಹೊಲದ ಉತಾರ ಎರಡನ್ನೂ ಇಂಗ್ಲಿಷ್ ಅನುವಾದದೊಂದಿಗೆ ಲಗತ್ತಿಸಿ, ಯಾವ ಮೊತ್ತ ಯಾವ ಬಿಲ್ಲಿನದು ಎಂದು ಮುಖಪತ್ರದಲ್ಲಿ ಎರಡು ಸಾಲು ಬರೆಯಿರಿ. ಅಜ್ಜಿಯ ವಿಮೆಯಲ್ಲಿ ಈಗಾಗಲೇ ಇರುವ ಬಿ.ಪಿ., ಸಕ್ಕರೆ ಕಾಯಿಲೆಗಳನ್ನು ಮುಚ್ಚಿಡಬೇಡಿ. ಕಂತು ಸ್ವಲ್ಪ ಹೆಚ್ಚಾದೀತು, ಆದರೆ ಆ ವಿಮೆ ಉಪಯೋಗಕ್ಕೆ ಬರುತ್ತದೆ.

ವೀಸಾ ಕೈಗೆ ಬರುವವರೆಗೆ ಹೋಟೆಲುಗಳನ್ನು ಉಚಿತವಾಗಿ ರದ್ದು ಮಾಡಬಹುದಾದ ಬುಕಿಂಗ್‌ನಲ್ಲೇ ಇಡಿ.

ರೈಲು: ಪಾಸೋ, ಟಿಕೆಟ್ಟೋ?

ಎಲ್ಲರೂ ಎಡವುವ ಜಾಗ ಇದು. 'ಯೂರೇಲ್ ಪಾಸ್ ತಗೊಂಡ್ರ ಎಲ್ಲಾ ಮುಗೀತು' ಎಂಬ ಮಾತು ಕೇಳಿರುತ್ತೀರಿ. ಯೂರೇಲ್ ಪಾಸ್ 33 ದೇಶಗಳಲ್ಲಿ ನಡೆಯುತ್ತದೆ, ನಿಜ. ಆದರೆ ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾರೊಸ್ಸಾ, ಯೂರೋಸ್ಟಾರ್‌ನಂಥ ವೇಗದ ರೈಲುಗಳಲ್ಲಿ ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು ಕಟ್ಟಿ ರಿಸರ್ವೇಷನ್ ಮಾಡಿಸಲೇಬೇಕು. ನಮ್ಮ ಕುಟುಂಬಕ್ಕೆ ದೂರದ ಪ್ರಯಾಣ ಇರುವುದು ಮೂರೇ ದಿನ, ಆ ಮೂರೂ ಇಂಥ ರೈಲುಗಳಲ್ಲಿ. ಅವರಿಗೆ ಯೂರೇಲ್ ಬೇಡ. ಜರ್ಮನಿ, ಆಸ್ಟ್ರಿಯಾ ಕಡೆ ದಿನಕ್ಕೊಂದು ಊರು ಸುತ್ತುವವರಿಗೆ ಅದು ಸರಿ. ಅಲ್ಲಿ ಹೆಚ್ಚಿನ ರೈಲುಗಳಿಗೆ ರಿಸರ್ವೇಷನ್ ಕಡ್ಡಾಯವಿಲ್ಲ, ಬಂದದ್ದನ್ನು ಹತ್ತಬಹುದು.

ಸ್ವಿಟ್ಜರ್ಲೆಂಡಿನ ಮಾತೇ ಬೇರೆ. ಅಲ್ಲಿಯ ಸ್ವಿಸ್ ಟ್ರಾವೆಲ್ ಪಾಸ್ 3, 4, 6, 8, 15 ದಿನಗಳಿಗೆ ಸಿಗುತ್ತದೆ. ರೈಲು, ಬಸ್ಸು, ಸರೋವರದ ಹಡಗು ಎಲ್ಲ ಅದರಲ್ಲೇ ಬರುತ್ತವೆ. ತಂದೆ ಅಥವಾ ತಾಯಿಯ ಪಾಸ್ ಜೊತೆ ಫ್ಯಾಮಿಲಿ ಕಾರ್ಡ್ ಕೇಳಿ ಪಡೆದರೆ 6ರಿಂದ 15 ವರ್ಷದ ಮಕ್ಕಳಿಗೆ ಟಿಕೆಟ್ಟೇ ಇಲ್ಲ. ಅಜ್ಜಿಯ ಜೊತೆ ಮಾತ್ರ ಮಕ್ಕಳನ್ನು ಕಳಿಸಿದರೆ ಈ ಕಾರ್ಡ್ ನಡೆಯುವುದಿಲ್ಲ, ಹೆತ್ತವರಲ್ಲಿ ಒಬ್ಬರು ಜೊತೆಗಿರಬೇಕು. ಲೂಸರ್ನ್‌ನಲ್ಲಿ ನಾಲ್ಕು ರಾತ್ರಿ ಎಂದರೆ ಕ್ಯಾಲೆಂಡರಿನಲ್ಲಿ ಐದು ದಿನ. ಐದು ದಿನದ ಪಾಸ್ ಇಲ್ಲ. ಆದ್ದರಿಂದ ಬಂದ ದಿನ ಮತ್ತು ನಂತರದ ಮೂರು ಪೂರ್ತಿ ದಿನಗಳಿಗೆ 4 ದಿನದ ಪಾಸ್ ತೆಗೆದುಕೊಂಡು, ಹೊರಡುವ ದಿನಕ್ಕೆ ಫ್ಲಾರೆನ್ಸ್ ದಾರಿಯಲ್ಲಿ ಸಿಗುವ ಮಿಲಾನ್‌ವರೆಗಿನ ಟಿಕೆಟ್ ಬೇರೆ ಕೊಳ್ಳುವುದೇ ಲಾಭ.

ಮಕ್ಕಳ ವಯಸ್ಸನ್ನು ಪ್ರತಿ ದೇಶದಲ್ಲೂ ಹೊಸದಾಗಿ ನೋಡಬೇಕು. 13 ವರ್ಷದ ಆ ಹುಡುಗಿ ವೀಸಾ ಶುಲ್ಕಕ್ಕೆ ದೊಡ್ಡವಳು, ಸ್ವಿಟ್ಜರ್ಲೆಂಡಿನ ರೈಲಿನಲ್ಲಿ ಪುಕ್ಕಟೆ, ಫ್ರಾನ್ಸಿನಲ್ಲಿ 12 ದಾಟಿದ ಯುವಜನರ ಗುಂಪಿಗೆ ಸೇರುತ್ತಾಳೆ, ಇಟಲಿಗೆ ಬಂದರೆ 15ರೊಳಗಿನ ಮಗು. ಇಟಲಿಯ ಸರ್ಕಾರಿ ಕಂಪನಿ ಟ್ರೆನಿತಾಲಿಯಾದಲ್ಲಿ 15ರೊಳಗಿನವರನ್ನು ಪುಕ್ಕಟೆ ಒಯ್ಯುವ ಕುಟುಂಬದ ಕೊಡುಗೆ ಇದೆ, ಎರಡರಿಂದ ಐದು ಜನರ ಗುಂಪಿಗೆ. ಆದರೆ ಆಗ ದೊಡ್ಡವರು ಪೂರ್ತಿ ದರ ಕೊಡಬೇಕು. ಮುಂಗಡ ರಿಯಾಯಿತಿಯಲ್ಲಿ ಐದೂ ಟಿಕೆಟ್ ಕೊಂಡರೆ ಎಷ್ಟು, ಈ ಕೊಡುಗೆಯಲ್ಲಿ ಎಷ್ಟು ಎಂದು ಎರಡನ್ನೂ ತೆಗೆದು ನೋಡಿ. ಇಟಾಲೊ ಎಂಬ ಖಾಸಗಿ ಕಂಪನಿಯ ರೈಲುಗಳೂ ಅದೇ ಹಳಿಯ ಮೇಲೆ ಓಡುತ್ತವೆ, ಅದರ ದರವನ್ನೂ ನೋಡಿಬಿಡಿ.

ನಮ್ಮಲ್ಲಿ ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ದರ ಬಹುತೇಕ ಸ್ಥಿರ. ಅಲ್ಲಿ ವೇಗದ ರೈಲುಗಳ ಟಿಕೆಟ್ ಸಾಮಾನ್ಯವಾಗಿ ಮೂರು-ನಾಲ್ಕು ತಿಂಗಳು ಮೊದಲೇ ಬರುತ್ತದೆ, ದಿನ ಹತ್ತಿರವಾದಂತೆ ವಿಮಾನದ ಟಿಕೆಟಿನಂತೆ ಏರುತ್ತದೆ. ಅತಿ ಅಗ್ಗದ ಟಿಕೆಟಿಗೆ ದುಡ್ಡು ವಾಪಸ್ ಇಲ್ಲ. ವೀಸಾ ಬಾರದೆ ಅದನ್ನು ಕೊಳ್ಳಬೇಕೆ? ನನ್ನ ಸಲಹೆ: ಬೇಡ. ಬದಲಿಸಲು ಬರುವ ಟಿಕೆಟನ್ನು ಸ್ವಲ್ಪ ಹೆಚ್ಚಿಗೆ ಕೊಟ್ಟು ಕೊಳ್ಳಿ, ಇಲ್ಲವೇ ವೀಸಾ ಮುದ್ರೆ ಬಿದ್ದ ದಿನವೇ ಕೊಳ್ಳಿ. ಪೀಸಾದಂಥ ಹತ್ತಿರದ ಊರಿನ ಸಾಮಾನ್ಯ ರೈಲಿಗೆ ಈ ತಲೆನೋವು ಇಲ್ಲ, ದರ ಒಂದೇ, ಹೋದ ದಿನ ಕೊಂಡರಾಯಿತು.

ಹುಡುಕುವಾಗ ಊರಿನ ಸ್ಥಳೀಯ ಹೆಸರು ಹಾಕಿ: ಫಿರೆಂಜೆ, ರೋಮಾ ತೆರ್ಮಿನಿ, ಮಿಲಾನೊ ಚೆಂತ್ರಾಲೆ, ಲುಟ್ಸೆರ್ನ್. ವೆನಿಸ್‌ಗೆ ಎರಡು ಸ್ಟೇಷನ್. ನೀರಿನ ನಡುವಿನ ಊರಿಗೆ ಹೋಗುವುದು ಸಾಂತಾ ಲೂಚಿಯಾ, ಮೆಸ್ತ್ರೆ ಇರುವುದು ಆಚೆ ನೆಲದ ಮೇಲೆ. ದುಡ್ಡು ಕಟ್ಟುವ ಮೊದಲು ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಚಾಲೂ ಮಾಡಿಕೊಳ್ಳಿ. ರೂಪಾಯಿಯಲ್ಲಿ ಕಟ್ಟುತ್ತೀರಾ ಯೂರೋದಲ್ಲೋ ಎಂದು ಕೇಳಿದರೆ ಯೂರೋ ಎನ್ನಿ, ಸ್ವಿಟ್ಜರ್ಲೆಂಡಿನಲ್ಲಿ ಫ್ರಾಂಕ್. ರೂಪಾಯಿ ಆರಿಸಿದರೆ ಅವರು ಹಾಕುವ ವಿನಿಮಯ ದರ ನಿಮಗೆ ಹೊರೆ.

ಮೂರು ಪ್ರಯಾಣದ ದಿನಗಳು

ಪ್ಯಾರಿಸ್‌ನಿಂದ ಲೂಸರ್ನ್: ಗಾರ್ ದ ಲಿಯೋನ್ ಸ್ಟೇಷನ್ನಿನಿಂದ ಟಿಜಿವಿ ಲಿರಿಯಾ ಸುಮಾರು ಮೂರು ತಾಸಿನಲ್ಲಿ ಬಾಸೆಲ್‌ಗೆ ತರುತ್ತದೆ. ಅಲ್ಲಿಂದ ಲೂಸರ್ನ್ ಒಂದು ತಾಸು. ಟಿಜಿವಿ ಟಿಕೆಟನ್ನು ಬಾಸೆಲ್‌ವರೆಗಷ್ಟೇ ಕೊಂಡು, ಮುಂದಕ್ಕೆ ಸ್ವಿಸ್ ಪಾಸ್ ಬಳಸಿ. ಇದರಲ್ಲಿ ದುಡ್ಡಿನ ಉಳಿತಾಯಕ್ಕಿಂತ ದೊಡ್ಡ ಲಾಭವೊಂದಿದೆ: ಟಿಜಿವಿ ತಡವಾದರೂ ಚಿಂತೆಯಿಲ್ಲ, ಪಾಸ್ ಇದ್ದವರು ಮುಂದಿನ ಯಾವ ರೈಲನ್ನಾದರೂ ಹತ್ತಬಹುದು.

ಲೂಸರ್ನ್‌ನಿಂದ ಫ್ಲಾರೆನ್ಸ್: ಮೂರರಲ್ಲಿ ಇದೇ ಬಿಗಿಯಾದ ದಿನ. ಮಿಲಾನ್‌ಗೆ ಮೂರು ತಾಸಿಗೂ ಮೇಲು. ಕೆಲವು ರೈಲು ನೇರ ಹೋಗುತ್ತವೆ, ಕೆಲವಕ್ಕೆ ಆರ್ಟ್-ಗೋಲ್ಡೌನಲ್ಲಿ ಇಳಿದು ಹತ್ತಬೇಕು. ದಾರಿಯಲ್ಲಿ ಬರುವ ಗೊಟ್ಹಾರ್ಡ್ ಸುರಂಗ 57 ಕಿಲೋಮೀಟರ್ ಉದ್ದ, 2016ರಲ್ಲಿ ತೆರೆದದ್ದು, ಜಗತ್ತಿನಲ್ಲೇ ಉದ್ದದ ರೈಲು ಸುರಂಗ. ಒಳಗೆ ಕತ್ತಲೆ ಬಿಟ್ಟು ಏನೂ ಕಾಣದು, ಮಕ್ಕಳಿಗೆ ಆಗ ಊಟ ಕೊಡಿ. ಗಡಿ ದಾಟುವ ಈ ರೈಲಿಗೆ ಸೀಟ್ ರಿಸರ್ವೇಷನ್ ಕಡ್ಡಾಯ. ಮಿಲಾನ್‌ನಿಂದ ಫ್ಲಾರೆನ್ಸ್‌ಗೆ ವೇಗದ ರೈಲಿನಲ್ಲಿ ಎರಡು ತಾಸು. ಎರಡು ಟಿಕೆಟನ್ನು ಬೇರೆ ಬೇರೆ ಕೊಂಡಿದ್ದರೆ ನಡುವೆ ಕನಿಷ್ಠ ಒಂದೂವರೆ ತಾಸು ಬಿಡಿ. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ, ಬೇರೆ ಟಿಕೆಟ್ ಎಂಬ ಕಾರಣಕ್ಕೆ ಎರಡನೆಯ ಕಂಪನಿ ಹೊಣೆ ಹೊರುವುದಿಲ್ಲ. ಒಂದೇ ಟಿಕೆಟಿನಲ್ಲಿ ಪೂರ್ತಿ ಪ್ರಯಾಣ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಫ್ಲಾರೆನ್ಸ್‌ನಿಂದ ರೋಮ್: ಒಂದೂವರೆ ತಾಸು ಚಿಲ್ಲರೆ. ಹೇಳಲು ಹೆಚ್ಚೇನಿಲ್ಲ.

ಹೋಟೆಲ್ ಎಲ್ಲಿರಬೇಕು

ಸ್ಟೇಷನ್ನಿನಿಂದ ಹತ್ತು ನಿಮಿಷ ನಡಿಗೆಯೊಳಗೆ. ಲೂಸರ್ನ್, ಫ್ಲಾರೆನ್ಸ್‌ಗಳಲ್ಲಿ ಇದು ಸುಲಭ, ಊರಿನ ನಡುವೆಯೇ ಸ್ಟೇಷನ್. ಪ್ಯಾರಿಸ್ಸಿನಲ್ಲಿ ಹಾಗೆ ನೋಡಬೇಕಿಲ್ಲ, ಮೆಟ್ರೋ ಹತ್ತಿರವಿದ್ದು ಲಿಫ್ಟ್ ಇದ್ದರೆ ಸರಿ. ಎಷ್ಟೋ ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇರುವುದೇ ಇಲ್ಲ, ಅಜ್ಜಿ ಇದ್ದರೆ ಇದನ್ನು ಬರಹದಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ. ಐದು ಜನರನ್ನು ಒಂದು ಕೋಣೆಗೆ ಬಿಡುವ ಹೋಟೆಲ್ ಕಡಿಮೆ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಲೂಸರ್ನ್‌ನಲ್ಲಿ ಬಹಳ ಅನುಕೂಲ, ಏಕೆಂದರೆ ಸ್ವಿಟ್ಜರ್ಲೆಂಡಿನ ಹೋಟೆಲ್ ಊಟದ ಬಿಲ್ಲು ನೋಡಿದರೆ ಹಸಿವೇ ಹೋಗುತ್ತದೆ.

ಬ್ಯಾಗು ಮತ್ತು ಬುತ್ತಿ

ಹಮಾಲರು ಸಿಗುತ್ತಾರೆಂದು ನೆಚ್ಚಬೇಡಿ. ಒಬ್ಬರಿಗೆ ಒಂದು ಬ್ಯಾಗು, ಅದನ್ನು ಅವರವರೇ ಎತ್ತಿ ರೈಲಿನ ಮೆಟ್ಟಿಲು ಹತ್ತಿಸುವಂತಿರಬೇಕು. ಹೊರಡುವ ವಾರದ ಮೊದಲು ತುಂಬಿದ ಬ್ಯಾಗುಗಳೊಂದಿಗೆ ನಮ್ಮ ಸ್ಟೇಷನ್ನಿನ ಮೇಲ್ಸೇತುವೆಯನ್ನು ಒಮ್ಮೆ ಹತ್ತಿ ಇಳಿದು ನೋಡಿ. ಮನೆಗೆ ಬಂದ ಮೇಲೆ ಅರ್ಧ ಬಟ್ಟೆ ತಾನಾಗಿ ಹೊರಬರುತ್ತದೆ. ಅಜ್ಜಿಯ ಬ್ಯಾಗಿನ ಹೊಣೆ ಯಾರದು ಎಂಬುದೂ ಆಗಲೇ ತೀರ್ಮಾನವಾಗಲಿ. ನಡೆಯಲು ತೀರ ಕಷ್ಟವಿದ್ದರೆ ಇಟಲಿಯ ದೊಡ್ಡ ಸ್ಟೇಷನ್ನುಗಳಲ್ಲಿ ಸಾಲಾ ಬ್ಲೂ ಎಂಬ ಉಚಿತ ನೆರವಿನ ವ್ಯವಸ್ಥೆ ಇದೆ, ಮೊದಲೇ ತಿಳಿಸಬೇಕು.

ಬುತ್ತಿಯ ವಿಷಯದಲ್ಲಿ ಎಚ್ಚರ. ಯುರೋಪಿಗೆ ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಅಂದರೆ ಬೆಳಗಾವಿ ಕುಂದಾ, ಧಾರವಾಡ ಪೇಡೆ, ಮನೆಯ ತುಪ್ಪ ಯಾವುದೂ ಇಲ್ಲ. ಮಾವಿನಹಣ್ಣೂ ಬೇಡ, ಹೆಚ್ಚಿನ ತಾಜಾ ಹಣ್ಣುಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಅವಲಕ್ಕಿ ಚೂಡಾ ಧಾರಾಳವಾಗಿ ಒಯ್ಯಿರಿ. ರೊಟ್ಟಿ ಪುಡಿಯಾಗದಂತೆ ಗಟ್ಟಿ ಡಬ್ಬಿಯಲ್ಲಿಟ್ಟು ಬ್ಯಾಗಿನ ನಡುವೆ ಇಡಿ. ಮೊಸರು ಅಲ್ಲಿಯ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ರೊಟ್ಟಿ-ಹಿಂಡಿ-ಮೊಸರು ಸೇರಿದರೆ ರಾತ್ರಿಯ ಊಟ ಆಯಿತು. ಸ್ವಿಟ್ಜರ್ಲೆಂಡಿನಲ್ಲಿ ಭಾನುವಾರ ಅಂಗಡಿಗಳು ಮುಚ್ಚುತ್ತವೆ, ದೊಡ್ಡ ಸ್ಟೇಷನ್ನಿನೊಳಗಿನವು ಮಾತ್ರ ತೆರೆದಿರುತ್ತವೆ. ನಲ್ಲಿಯ ನೀರು ಮೂರೂ ದೇಶಗಳಲ್ಲಿ ಕುಡಿಯಬಹುದು, ಬಾಟಲಿ ಕೊಳ್ಳುತ್ತ ದುಡ್ಡು ಹಾಕಬೇಡಿ. ಔಷಧಿ ಮಾತ್ರ ಅಂಗಡಿಯಿಂದ ತಂದ ಮೂಲ ಪ್ಯಾಕೆಟಿನಲ್ಲೇ ಇರಲಿ, ವೈದ್ಯರ ಇಂಗ್ಲಿಷ್ ಚೀಟಿಯೊಂದಿಗೆ ಕೈಚೀಲದಲ್ಲಿ.

ಮೊಬೈಲ್ ಸಿಮ್ ಕೊಳ್ಳುವಾಗ ಅದರಲ್ಲಿ ಸ್ವಿಟ್ಜರ್ಲೆಂಡ್ ಸೇರಿದೆಯೇ ನೋಡಿ. ಅದು ಐರೋಪ್ಯ ಒಕ್ಕೂಟದ ಹೊರಗಿರುವ ದೇಶ, ಎಷ್ಟೋ ಸಿಮ್‌ಗಳು ಅಲ್ಲಿ ನಡೆಯುವುದಿಲ್ಲ.

ಅಲ್ಲಿಗೆ ಹೋದ ಮೇಲೆ

ಇಳಿದ ದಿನ ಯಾವ ರೈಲನ್ನೂ ಇಟ್ಟುಕೊಳ್ಳಬೇಡಿ. 2025ರ ಅಕ್ಟೋಬರ್‌ನಿಂದ ಷೆಂಗೆನ್ ಗಡಿಗಳಲ್ಲಿ ಬೆರಳಚ್ಚು, ಫೋಟೋ ತೆಗೆದು ಪ್ರವೇಶ ದಾಖಲಿಸುವ ಹೊಸ ವ್ಯವಸ್ಥೆ ಶುರುವಾಗಿದೆ, ಸಾಲು ಉದ್ದವಾಗಬಹುದು.

ಸ್ಟೇಷನ್ನಿನಲ್ಲಿ ರೈಲನ್ನು ಊರಿನ ಹೆಸರಿನಿಂದ ಹುಡುಕದೆ ಸಂಖ್ಯೆಯಿಂದ ಹುಡುಕಿ. ರೋಮಿಗೆ ಹೋಗುವ ರೈಲಿಗೆ ಫಲಕದಲ್ಲಿ ನಾಪೊಲಿ ಎಂದಿರಬಹುದು, ಅದರ ಕೊನೆಯ ಊರು ಅದು. ಪ್ಲಾಟ್‌ಫಾರ್ಮ್ ಸಂಖ್ಯೆ ಕೆಲವೊಮ್ಮೆ ಹೊರಡುವ ಹತ್ತು-ಹದಿನೈದು ನಿಮಿಷ ಮೊದಲಷ್ಟೇ ಬರುತ್ತದೆ, ಗಾಬರಿ ಬೇಡ. ಟಿಜಿವಿ ಬಾಗಿಲು ಹೊರಡುವ ಎರಡು ನಿಮಿಷ ಮೊದಲು ಮುಚ್ಚುತ್ತದೆ. ಚಲಿಸುವ ರೈಲಿಗೆ ಓಡಿ ಹತ್ತುವ ನಮ್ಮ ವಿದ್ಯೆ ಅಲ್ಲಿ ನಡೆಯುವುದಿಲ್ಲ. ಇಟಲಿಯ ಸಾಮಾನ್ಯ ರೈಲಿನ ಕಾಗದದ ಟಿಕೆಟನ್ನು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಹಾಕಿಸಬೇಕು, ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ. ಮೊಬೈಲಿನಲ್ಲಿ ಕೊಂಡಿದ್ದರೆ ಅದರಲ್ಲೇ ಚೆಕ್-ಇನ್ ಒತ್ತಬೇಕು.

ಬೆಟ್ಟದ ವಿಷಯದಲ್ಲಿ ನನ್ನ ಆಯ್ಕೆ ಸ್ಪಷ್ಟ. ಯುಂಗ್‌ಫ್ರೌಯೊಖ್ 3,454 ಮೀಟರ್ ಎತ್ತರ, ಟಿಕೆಟ್ ದುಬಾರಿ, ಬಿ.ಪಿ. ಇರುವ ವಯಸ್ಸಾದವರಿಗೆ ಉಸಿರು ಕಟ್ಟುವ ಭಯ. ಅದರ ಬದಲು ರಿಗಿ. ಲೂಸರ್ನ್‌ನಿಂದ ಹಡಗಿನಲ್ಲಿ ವಿಟ್ಸ್‌ನೌಗೆ ಹೋಗಿ, ಅಲ್ಲಿಂದ ಹಲ್ಲುಹಳಿಯ ರೈಲಿನಲ್ಲಿ 1,798 ಮೀಟರಿನ ಶಿಖರದ ತನಕ ಕೂತೇ ಹೋಗಬಹುದು. 1871ರಲ್ಲಿ ಶುರುವಾದ ಇದು ಯುರೋಪಿನ ಮೊದಲ ಬೆಟ್ಟದ ರೈಲು. ಹಡಗು, ರೈಲು ಎರಡೂ ಸ್ವಿಸ್ ಪಾಸಿನಲ್ಲೇ ಬರುತ್ತವೆ. ಹಿಂದಿನ ರಾತ್ರಿ ಶಿಖರದ ಕ್ಯಾಮೆರಾ ಚಿತ್ರವನ್ನು ಮೊಬೈಲಿನಲ್ಲಿ ನೋಡಿ, ಮೋಡವಿದ್ದರೆ ದಿನ ಬದಲಿಸಿ. ಒಂದೇ ಊರಲ್ಲಿ ನಾಲ್ಕು ರಾತ್ರಿ ಉಳಿದವರಿಗೆ ಮಾತ್ರ ಸಿಗುವ ಸ್ವಾತಂತ್ರ್ಯ ಇದು.

ರೈಲು ತಡವಾದರೆ ಟಿಕೆಟ್ ಜೋಪಾನ ಮಾಡಿ. ಐರೋಪ್ಯ ಒಕ್ಕೂಟದ ನಿಯಮದಂತೆ ಒಂದು ತಾಸಿಗೂ ಮೇಲಾದರೆ ದರದ ಕಾಲು ಭಾಗ, ಎರಡು ತಾಸು ದಾಟಿದರೆ ಅರ್ಧ ವಾಪಸ್ ಕೇಳಬಹುದು, ಕೆಲವು ವಿನಾಯಿತಿಗಳಿವೆ. ಇಟಲಿಯಲ್ಲಿ ಮುಷ್ಕರಗಳು ಸಾಮಾನ್ಯ, ಆದರೆ ಮೊದಲೇ ಘೋಷಣೆಯಾಗುತ್ತವೆ. 'ಶೋಪೆರೊ' ಎಂದು ಫಲಕದಲ್ಲಿ ಕಂಡರೆ ಕೂಡಲೇ ವಿಚಾರಿಸಿ. ವಾರದ ದಿನಗಳಲ್ಲಿ ಮುಷ್ಕರವಿದ್ದರೂ ಮುಂಜಾನೆ 6ರಿಂದ 9, ಸಂಜೆ 6ರಿಂದ 9ರವರೆಗೆ ಸ್ಥಳೀಯ ರೈಲುಗಳಲ್ಲಿ ಕೆಲವನ್ನು ಓಡಿಸಲೇಬೇಕೆಂಬ ಕಟ್ಟುಪಾಡಿದೆ.

ಕಳ್ಳರ ಕಾಟ ಪ್ಯಾರಿಸ್ ಮೆಟ್ರೋದಲ್ಲೂ ರೋಮಿನ ತೆರ್ಮಿನಿ ಸುತ್ತಮುತ್ತಲೂ ಇದೆ. ಐವರ ಪಾಸ್‌ಪೋರ್ಟ್ ಒಬ್ಬರ ಚೀಲದಲ್ಲಿ ಇಡಬೇಡಿ. ಕೊನೆಯ ದಿನ ತೆರ್ಮಿನಿಯಿಂದ ಫ್ಯೂಮಿಚಿನೊ ವಿಮಾನ ನಿಲ್ದಾಣಕ್ಕೆ ಲಿಯೊನಾರ್ದೊ ಎಕ್ಸ್‌ಪ್ರೆಸ್ 32 ನಿಮಿಷದಲ್ಲಿ ಒಯ್ಯುತ್ತದೆ. ಊರ ನಡುವಿನಿಂದ ಟ್ಯಾಕ್ಸಿಗೂ ನಗರಸಭೆ ನಿಗದಿ ಮಾಡಿದ ದರವಿದೆ. ಐದು ಜನ, ಐದು ಬ್ಯಾಗು ಇದ್ದರೆ ದೊಡ್ಡ ವ್ಯಾನ್ ಬೇಕೆಂದು ಹಿಂದಿನ ರಾತ್ರಿಯೇ ಹೋಟೆಲಿನವರಿಗೆ ಹೇಳಿ ಇಡಿ.